ಎಂಟು ಸ್ಪಾಟ್ ಬೇಡ, ಒಂದು ಅಲೆ ಸಾಕು

ಸೆಮಿಸ್ಟರ್‌ನ ಕೊನೇ ಪೇಪರ್ ಮುಗಿಯೋ ಮೊದಲೇ ವಾಟ್ಸಾಪ್‌ನಲ್ಲಿ ಟ್ರಿಪ್ ಗ್ರೂಪ್ ಹುಟ್ಟಿಕೊಂಡಿರುತ್ತೆ. ಹೆಸರು ಪ್ರತಿ ಸಲ ಬೇರೆ, ಪ್ಲಾನ್ ಮಾತ್ರ ಎಲ್ಲ ಬ್ಯಾಚಿಗೂ ಅದೇ. ಶುಕ್ರವಾರ ರಾತ್ರಿ ಟಿಟಿ ಹತ್ತೋದು. ಶನಿವಾರ ಉಡುಪಿ, ಮಲ್ಪೆ, ಸೇಂಟ್ ಮೇರೀಸ್ ದ್ವೀಪ, ಸಂಜೆ ಕಾಪು ಲೈಟ್‌ಹೌಸ್. ಭಾನುವಾರ ಮರವಂತೆ, ಮುರುಡೇಶ್ವರ, ಅಪ್ಸರಕೊಂಡ, ಟೈಮಿದ್ರೆ ಗೋಕರ್ಣ. ಸೋಮವಾರ ಬೆಳಗಿನ ಜಾವ ಹಾಸ್ಟೆಲ್ ಗೇಟು. ಎರಡು ದಿನಕ್ಕೆ ಎಂಟು ಸ್ಪಾಟ್, ಅದರಲ್ಲಿ ಅರ್ಧ ಹೊತ್ತು ಗಾಡಿಯೊಳಗೆ ನಿದ್ದೆ.

ಇಂಥ ಟ್ರಿಪ್ ತಪ್ಪು ಅಂತ ನಾವು ಹೇಳ್ತಿಲ್ಲ. ಗೆಳೆಯರ ಜೊತೆ ಗಾಡಿಯಲ್ಲಿ ಕೂತು ಕಿರುಚಾಡೋದಕ್ಕೂ ಒಂದು ಬೆಲೆ ಇದೆ. ಆದರೆ ನಾಲ್ಕು ವರ್ಷದಲ್ಲಿ ಸಿಗೋ ಏಳೆಂಟು ರಜೆಗಳಲ್ಲಿ ಒಂದನ್ನಾದರೂ ಬೇರೆ ಥರ ಬಳಸಬೇಕು ಅನ್ನೋದು ನಮ್ಮ ವಾದ. ನೋಡೋಕೆ ಹೋಗೋದರ ಬದಲು ಕಲಿಯೋಕೆ ಹೋಗೋಣ. ಒಂದೇ ಊರು, ಎರಡು ದಿನ, ಒಂದು ವಿದ್ಯೆ. ಅದರಲ್ಲೂ ಮೊದಲ ಆಯ್ಕೆ ಸರ್ಫಿಂಗ್ ಆಗಲಿ. ಯಾಕೆ ಅಂತ ಮುಂದೆ ಹೇಳ್ತೀವಿ.

ಸರ್ಫಿಂಗ್ ಅಂದ ಕೂಡಲೇ ಹವಾಯಿ, ಆಸ್ಟ್ರೇಲಿಯಾ, ಬಾಲಿ ನೆನಪಾಗುತ್ತೆ. ನಿಜ ಹೇಳಬೇಕಂದ್ರೆ ಮಂಗಳೂರಿನಿಂದ ಉಡುಪಿ ಕಡೆ ಹೋಗೋ ಬಸ್ ಹತ್ತಿ ಸುಮಾರು 30 ಕಿ.ಮೀ. ಹೋದರೆ ಸಾಕು, ಮೂಲ್ಕಿ ಬರುತ್ತೆ. 2004ರಲ್ಲಿ ಅಲ್ಲಿ ಶುರುವಾದ ಮಂತ್ರ ಸರ್ಫ್ ಕ್ಲಬ್ ದೇಶದ ಮೊದಲ ಸರ್ಫ್ ಕ್ಲಬ್ ಅಂತ ಹೆಸರಾಗಿದೆ. ಪಕ್ಕದ ಸಸಿಹಿತ್ಲುವಿನಲ್ಲಿ, ಅಂದ್ರೆ ಶಾಂಭವಿ ಮತ್ತು ನಂದಿನಿ ನದಿಗಳು ಕಡಲು ಸೇರೋ ಜಾಗದಲ್ಲಿ, 2016ರ ಮೇ ತಿಂಗಳಲ್ಲಿ ಇಂಡಿಯನ್ ಓಪನ್ ಆಫ್ ಸರ್ಫಿಂಗ್ ನಡೆಯಿತು. ಬೇರೆ ರಾಜ್ಯದವರು ಬಂದು ಕಲಿತು ಹೋಗ್ತಾರೆ, ನಮ್ಮವರು ಅದೇ ಹೈವೇಯಲ್ಲಿ ನಿದ್ದೆ ಮಾಡ್ತಾ ದಾಟಿಬಿಡ್ತಾರೆ.

"ಅದೆಲ್ಲ ಸಣ್ಣ ವಯಸ್ಸಿನಿಂದ ಕಡಲಲ್ಲಿ ಬೆಳೆದವರಿಗೆ" ಅನ್ನೋರಿಗೆ ಒಂದು ಉದಾಹರಣೆ. ಇಶಿತಾ ಮಾಳವೀಯ ಮುಂಬೈ ಹುಡುಗಿ. ಮಣಿಪಾಲಕ್ಕೆ ಬಂದದ್ದು ಪತ್ರಿಕೋದ್ಯಮ ಓದೋಕೆ. ಕಾಲೇಜು ದಿನಗಳಲ್ಲೇ, 2007ರ ಹೊತ್ತಿಗೆ, ಮೂಲ್ಕಿಯಲ್ಲಿ ಸರ್ಫಿಂಗ್ ಕಲಿತರು. ದೇಶದ ಮೊದಲ ವೃತ್ತಿಪರ ಸರ್ಫರ್ ಮಹಿಳೆ ಅಂತ ಅವರನ್ನು ಇವತ್ತು ಗುರುತಿಸ್ತಾರೆ. ಗೆಳೆಯನ ಜೊತೆ ಸೇರಿ ಕಟ್ಟಿದ ಶಾಕಾ ಸರ್ಫ್ ಕ್ಲಬ್ ಕೋಡಿ ಬೆಂಗ್ರೆಯಲ್ಲಿದೆ. ಅವರೂ ನಮ್ಮ ಹಾಗೆ ಅಟೆಂಡೆನ್ಸ್ ಲೆಕ್ಕ ಹಾಕ್ತಿದ್ದ ವಿದ್ಯಾರ್ಥಿಯೇ ಅಲ್ವಾ?

ಇನ್ನೊಬ್ಬರು ಬ್ರೆಜಿಲ್‌ನ ಇಟಾಲೋ ಫೆರೇರಾ. ಸರ್ಫಿಂಗ್ ಮೊದಲ ಸಲ ಒಲಿಂಪಿಕ್ಸ್‌ಗೆ ಬಂದ ಟೋಕಿಯೋ ಕೂಟದಲ್ಲಿ ಪುರುಷರ ಚಿನ್ನ ಗೆದ್ದವರು. ಅಪ್ಪ ಮೀನು ಮಾರೋರು. ಮೀನು ಇಡೋ ಥರ್ಮಾಕೋಲ್ ಪೆಟ್ಟಿಗೆಯ ಮುಚ್ಚಳವೇ ಇಟಾಲೋಗೆ ಮೊದಲ ಬೋರ್ಡು.

ಈಗ ಪಾಠ ಹೇಗಿರುತ್ತೆ ನೋಡೋಣ. ಮೊದಲ ಅರ್ಧ ಗಂಟೆ ನೀರೇ ಇಲ್ಲ. ಮರಳಿನ ಮೇಲೆ ಬೋರ್ಡ್ ಇಟ್ಟು, ಬೋರಲು ಮಲಗಿ, ಕೈಯಲ್ಲಿ ನೀರು ತಳ್ಳೋ ಹಾಗೆ ಮಾಡಿ, ಎದೆ ಎತ್ತಿ, ಒಂದೇ ಸಲಕ್ಕೆ ಎದ್ದು ನಿಲ್ಲಬೇಕು. ಇದನ್ನು ಹತ್ತಿಪ್ಪತ್ತು ಸಲ ಮಾಡಿಸ್ತಾರೆ. ಆಮೇಲೆ ಹಿಂದಿನ ಕಾಲಿಗೆ ಲೀಶ್ ಕಟ್ಟಿ ಸೊಂಟದಷ್ಟು ನೀರಿಗೆ ಕರ್ಕೊಂಡು ಹೋಗ್ತಾರೆ. ಅಲ್ಲಿ ಒಡೆದು ನೊರೆಯಾಗಿ ಬರೋ ಅಲೆಗಳೇ ಮೊದಲ ಪಾಠ. ಎದ್ದು ನಿಲ್ಲುವಾಗ ಕಾಲು ನೋಡಿದರೆ ಬಿದ್ದ ಹಾಗೇ, ದೃಷ್ಟಿ ದಡದ ಮೇಲಿರಬೇಕು. ಬೋರ್ಡನ್ನು ಯಾವತ್ತೂ ಅಲೆಗೂ ನಮಗೂ ನಡುವೆ ಇಟ್ಕೋಬಾರದು, ಅದೇ ಬಂದು ಮುಖಕ್ಕೆ ಬಡಿಯುತ್ತೆ. ಬಿದ್ದಾಗ ತಲೆಗೆ ಕೈ ಅಡ್ಡ ಕೊಟ್ಟೇ ಮೇಲೆ ಬರಬೇಕು.

ಬೀಳೋದಂತೂ ಗ್ಯಾರಂಟಿ. ಮೊದಲ ದಿನ ಇಪ್ಪತ್ತು ಸಲ ಬಿದ್ದು ಒಂದು ಸಲ ಮೂರು ಸೆಕೆಂಡ್ ನಿಂತರೆ ಅದೇ ದೊಡ್ಡ ಸಾಧನೆ. ಇಲ್ಲೇ ನಮ್ಮಂಥವರಿಗೆ ಸರ್ಫಿಂಗ್ ಬೇಕು ಅನ್ನಿಸೋದು. ಎಸ್ಸೆಸ್ಸೆಲ್ಸಿ, ಪಿಯು, ಸಿಇಟಿ ರ‍್ಯಾಂಕು ಅಂತ ಬಂದ ನಾವೆಲ್ಲ ಬರೋದನ್ನೇ ಮಾಡಿ ಬೆಳೆದವರು. ಬರದೇ ಇರೋದನ್ನು ನಾಲ್ಕು ಜನರ ಮುಂದೆ ಮಾಡೋ ಅಭ್ಯಾಸವೇ ಇಲ್ಲ. ಕ್ಲಾಸಲ್ಲಿ ಡೌಟ್ ಕೇಳೋಕೆ ಕೈ ಎತ್ತಲ್ಲ, ನಕ್ಕುಬಿಟ್ಟರೆ ಅಂತ ಭಯ. ಲ್ಯಾಬಲ್ಲಿ ರೀಡಿಂಗ್ ತಗೊಳ್ಳೋ ಮೊದಲೇ ಉತ್ತರ ಎಷ್ಟು ಬರಬೇಕು ಅಂತ ಸೀನಿಯರ್ ರೆಕಾರ್ಡ್ ಬುಕ್ಕಿಂದ ಗೊತ್ತಿರುತ್ತೆ. ಕಡಲಿಗೆ ರೆಕಾರ್ಡ್ ಬುಕ್ ಇಲ್ಲ. ನಿಮಗಿಂತ ಹತ್ತು ವರ್ಷ ಚಿಕ್ಕವನಾದ ಅಲ್ಲಿನ ಹುಡುಗ ಸಲೀಸಾಗಿ ಪಕ್ಕದಲ್ಲೇ ಜಾರಿ ಹೋಗ್ತಾನೆ, ನೀವು ಉಪ್ಪು ನೀರು ಉಗುಳ್ತಾ ಇರ್ತೀರಿ. ಇಂಟರ್ನಲ್ಸ್ ಮಾರ್ಕ್ಸಿನ ಚಿಂತೆ ಇಲ್ಲದೆ ಸೋಲೋಕೆ ಇಷ್ಟು ಒಳ್ಳೇ ಜಾಗ ಬೇರೆ ಎಲ್ಲಿ ಸಿಗುತ್ತೆ?

ಓದಿದ್ದು ಕಣ್ಣೆದುರು ಬರೋ ಖುಷಿಯೂ ಉಂಟು. ಆಳ ಕಡಿಮೆ ಇರೋ ಕಡೆ ಅಲೆಯ ವೇಗ ಅಂದ್ರೆ ಜಿ ಇಂಟು ಆಳದ ವರ್ಗಮೂಲ. ಒಂದು ಮೀಟರ್ ಆಳಕ್ಕೆ ಸೆಕೆಂಡಿಗೆ ಸುಮಾರು 3.1 ಮೀಟರ್, ಗಂಟೆಗೆ 11 ಕಿ.ಮೀ. ಕೈಯಲ್ಲಿ ನೀರು ತಳ್ಳಿ ಬೋರ್ಡಿಗೆ ಮೊದಲೇ ವೇಗ ಕೊಡದಿದ್ದರೆ ಅಲೆ ನಮ್ಮನ್ನು ಬಿಟ್ಟು ಮುಂದೆ ಹೋಗಿಬಿಡುತ್ತೆ. ನೀರಿನ ಆಳ ಅಲೆಯ ಎತ್ತರದ ಸುಮಾರು 1.3 ಪಟ್ಟಿಗೆ ಇಳಿದಾಗ ಅಲೆ ಒಡೆಯುತ್ತೆ, ಹಾಗಾಗಿ ಅಲೆ ಎಲ್ಲಿ ಒಡೀತಿದೆ ಅಂತ ನೋಡಿದರೆ ನೀರೊಳಗಿನ ಮರಳು ದಿಬ್ಬದ ನಕ್ಷೆ ಸಿಕ್ಕ ಹಾಗೆ. ಎರಡು ಅಲೆಗಳ ನಡುವೆ 15 ಸೆಕೆಂಡ್ ಅಂತರ ಇದ್ದರೆ ಆ ಅಲೆಗಳ ಶಕ್ತಿ ಆಳ ಸಮುದ್ರದಲ್ಲಿ ದಿನಕ್ಕೆ ಹತ್ತಿರ ಹತ್ತಿರ 1000 ಕಿ.ಮೀ. ಸಾಗುತ್ತೆ. ಹೋದ ವಾರ ಹಿಂದೂ ಮಹಾಸಾಗರದ ದಕ್ಷಿಣ ತುದಿಯಲ್ಲಿ ಎದ್ದ ಬಿರುಗಾಳಿಯ ಶಕ್ತಿ ಈ ವಾರ ನಮ್ಮ ಕರಾವಳಿಯಲ್ಲಿ ಬೋರ್ಡಿನ ಕೆಳಗೆ ಬರಬಹುದು. ಫ್ಲೂಯಿಡ್ ಮೆಕ್ಯಾನಿಕ್ಸ್ ಪಾಸಾದವರಿಗೂ ಇದು ಮೈಗೆ ತಾಗೋದು ಅಲ್ಲಿ ನಿಂತಾಗಲೇ.

ಆದರೆ ಸರ್ಫಿಂಗ್ ಮೊದಲ ಆಯ್ಕೆ ಆಗಲಿ ಅಂದದ್ದಕ್ಕೆ ದೊಡ್ಡ ಕಾರಣ ಇದಲ್ಲ. 2024ರ ಡಿಸೆಂಬರ್‌ನಲ್ಲಿ ಮುರುಡೇಶ್ವರಕ್ಕೆ ಶಾಲಾ ಪ್ರವಾಸ ಬಂದಿದ್ದ ಕೋಲಾರ ಜಿಲ್ಲೆಯ 4 ವಿದ್ಯಾರ್ಥಿನಿಯರು ಕಡಲಲ್ಲಿ ಮುಳುಗಿ ತೀರಿಕೊಂಡರು. ಕಾಲೇಜು ಹುಡುಗರ ಸುದ್ದಿಯೂ ಆಗಾಗ ಬರ್ತಾನೇ ಇರುತ್ತೆ. ಬಯಲುಸೀಮೆಯ ನಮಗೆ ಕಡಲು ಅಂದ್ರೆ ಫೋಟೋದ ಹಿನ್ನೆಲೆ. ಕೆರೆ, ಬಾವಿಯಲ್ಲಿ ಈಜು ಕಲಿತವರಿಗೂ ಕಡಲಿನ ಲೆಕ್ಕ ಬೇರೆ ಅಂತ ಯಾರೂ ಹೇಳಿಕೊಟ್ಟಿರಲ್ಲ.

ಸರ್ಫಿಂಗ್ ಪಾಠದಲ್ಲಿ ಕಲಿಯೋ ಒಂದು ವಿಷಯವನ್ನು ಇಲ್ಲೇ ಹೇಳ್ತೀವಿ, ಬೋರ್ಡ್ ಹತ್ತದೇ ಇರೋರೂ ನೆನಪಿಟ್ಕೊಳ್ಳಿ. ದಡಕ್ಕೆ ಬಂದ ನೀರು ವಾಪಸ್ ಹೋಗಲೇಬೇಕಲ್ಲ, ಅದು ಒಂದು ಕಿರಿದಾದ ದಾರಿ ಮಾಡಿಕೊಂಡು ಜೋರಾಗಿ ಒಳಕ್ಕೆ ಹರಿಯುತ್ತೆ. ಇದೇ ರಿಪ್ ಕರೆಂಟ್. ಆ ದಾರಿಯಲ್ಲಿ ಆಳ ಜಾಸ್ತಿ, ಹಾಗಾಗಿ ಅಲೆ ಒಡೆಯಲ್ಲ. ಎರಡೂ ಕಡೆ ನೊರೆ, ನಡುವೆ ಶಾಂತವಾದ ನೀರು. ಗೊತ್ತಿಲ್ಲದವರು "ಇಲ್ಲಿ ಅಲೆ ಕಮ್ಮಿ, ಸೇಫ್" ಅಂತ ಅಲ್ಲೇ ಇಳೀತಾರೆ. ಜೋರಿದ್ದಾಗ ಅದರ ವೇಗ ಸೆಕೆಂಡಿಗೆ 2 ಮೀಟರ್ ದಾಟಬಹುದು, ಒಲಿಂಪಿಕ್ ಈಜುಗಾರನೂ ಎದುರು ಈಜಿ ಗೆಲ್ಲೋದು ಕಷ್ಟ. ಸಿಕ್ಕಿಕೊಂಡರೆ ದಡದ ಕಡೆ ಹೊಡೆದಾಡಬೇಡಿ. ಗಾಬರಿಯಾಗದೆ ತೇಲ್ತಾ ಇರಿ, ಕೈ ಎತ್ತಿ ಕೂಗಿ, ಆದರೆ ದಡಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಈಜಿ ನೊರೆ ಇರೋ ಕಡೆ ಬನ್ನಿ. ಗೆಳೆಯ ಸಿಕ್ಕಿಕೊಂಡರೆ ಬರಿಗೈಯಲ್ಲಿ ಹಿಂದೆ ಹಾರಬೇಡಿ, ಲೈಫ್‌ಗಾರ್ಡನ್ನು ಕೂಗಿ, ತೇಲೋ ಏನಾದರೂ ಎಸೆಯಿರಿ.

ಬೀಚಿನ "ಅಪಾಯ, ನೀರಿಗಿಳಿಯಬೇಡಿ" ಬೋರ್ಡ್ ಮುಂದೆ ಸೆಲ್ಫಿ ತೆಗೆಯೋರೂ ಇದ್ದಾರೆ. ಎರಡು ದಿನ ಅಲೆಯ ಜೊತೆ ಒದ್ದಾಡಿದವರು ಹಾಗೆ ಮಾಡಲ್ಲ. ಭಯ ಹೋಗುತ್ತೆ ಅಂತಲ್ಲ, ಯಾವುದಕ್ಕೆ ಭಯಪಡಬೇಕು ಅಂತ ಗೊತ್ತಾಗುತ್ತೆ.

ಕಲಿಯೋಕೆ ಅಂತ ಒಂದೇ ಊರಲ್ಲಿ ಉಳಿದರೆ ಸಣ್ಣ ಸಣ್ಣ ಸಾಹಸಗಳು ತಾವಾಗೇ ಬರ್ತವೆ. ಟಿಟಿ ಬದಲು ಮಂಗಳೂರು–ಉಡುಪಿ ಎಕ್ಸ್‌ಪ್ರೆಸ್ ಬಸ್ಸಲ್ಲಿ ಕಂಬ ಹಿಡಿದು ನಿಲ್ಲೋದೇ ಒಂದು ಬ್ಯಾಲೆನ್ಸ್ ಪಾಠ. ಅಂಗಡಿಯಲ್ಲಿ "ಎಂಚ ಉಲ್ಲರ್?" ಅಂತ ಎರಡು ಪದ ತುಳು ಮಾತಾಡಿದರೆ ಅಂಗಡಿ ಅಕ್ಕನ ಮುಖ ಅರಳುತ್ತೆ, ಆಮೇಲೆ ಮಾತು ಕನ್ನಡಕ್ಕೆ ಬಂದರೂ ಅದು ಗಿರಾಕಿ ಜೊತೆ ಆಡೋ ಮಾತಲ್ಲ. ಬೆಳಿಗ್ಗೆ ಬೇಗ ಎದ್ದವರಿಗೆ ಕೈರಂಪಣಿ ಬಲೆ ಎಳೆಯೋದು ಕಂಡರೂ ಕಾಣಬಹುದು. ಕೇಳಿದರೆ ಹಗ್ಗಕ್ಕೆ ಕೈ ಹಚ್ಚೋಕೂ ಬಿಡ್ತಾರೆ. ಭೂತಾಯಿಯ ಮುಳ್ಳು ಬಿಡಿಸಿ ತಿನ್ನೋದು ಕಲಿಯೋಕೇ ಮೈಸೂರು ಕಡೆಯವರಿಗೆ ಎರಡು ಊಟ ಬೇಕು. ಸ್ಪಾಟ್ ಲಿಸ್ಟಲ್ಲಿ ಇದ್ಯಾವುದೂ ಇರಲ್ಲ.

ತಕರಾರುಗಳು ಇವೆ, ಗೊತ್ತು. "ಈಜು ಬರಲ್ಲ" ಅನ್ನೋರು ಮೊದಲೇ ತರಬೇತುದಾರರಿಗೆ ಹೇಳಿ, ಅವರು ಕೇಳೋ ಮೊದಲ ಪ್ರಶ್ನೆಯೇ ಅದು. ಅದಕ್ಕೂ ಮೊದಲು ಊರಿನ ಈಜುಕೊಳದಲ್ಲಿ ಒಂದು ತಿಂಗಳು ಕಲಿತು ಹೋದರೆ ಇನ್ನೂ ಒಳ್ಳೇದು. "ಹುಡುಗಿಯರಿಗೆ ಮನೇಲಿ ಬಿಡಲ್ಲ" ಅನ್ನೋದು ನಿಜವಾದ ತೊಂದರೆ. ಆದರೆ ತೋರಿಸೋಕೆ ಹೆಸರುಗಳಿವೆ: ಇಶಿತಾ ಒಬ್ಬರು, ಕರಾವಳಿಯಲ್ಲೇ ಬೆಳೆದು ಸ್ಟ್ಯಾಂಡ್ ಅಪ್ ಪ್ಯಾಡಲ್‌ನಲ್ಲಿ ದೇಶದ ಮುಂಚೂಣಿಗೆ ಬಂದ ತನ್ವಿ ಜಗದೀಶ್ ಇನ್ನೊಬ್ಬರು. ದುಡ್ಡಿನ ವಿಷಯಕ್ಕೆ, ಎಂಟು ಸ್ಪಾಟಿನ ಡೀಸೆಲ್ ಮತ್ತು ಗಾಡಿ ಬಾಡಿಗೆ ಒಂದು ಕಡೆ ಬರೆದು, ಬಸ್ ಚಾರ್ಜು ಮತ್ತು ಪಾಠದ ಫೀಸು ಇನ್ನೊಂದು ಕಡೆ ಬರೆದು ನೀವೇ ನೋಡಿ.

ಒಂದು ಮಾತು ಮಾತ್ರ ಮೀರಬಾರದು: ಮಳೆಗಾಲದಲ್ಲಿ ಬೇಡ. ಜೂನ್ 1ರಿಂದ ಜುಲೈ 31ರವರೆಗೆ ನಮ್ಮ ಕರಾವಳಿಯಲ್ಲಿ ಯಾಂತ್ರಿಕ ದೋಣಿಗಳೇ ಕಡಲಿಗೆ ಇಳಿಯಲ್ಲ. ಹೊಸಬರಿಗೆ ಅಕ್ಟೋಬರ್ ನಂತರದ ತಿಂಗಳುಗಳೇ ಸರಿ. ಹೋಗೋ ಮುಂಚೆ ಹೈದರಾಬಾದಿನ ಇನ್‌ಕಾಯಿಸ್ ಸಂಸ್ಥೆ ಕೊಡೋ ಅಲೆ ಮುನ್ಸೂಚನೆ ನೋಡಿ.

ಕೊನೆಗೆ ಕಾಲೇಜಿಗೊಂದು ಕೋರಿಕೆ. ಇಂಡಸ್ಟ್ರಿಯಲ್ ವಿಸಿಟ್ ಅಂತ ಕರಾವಳಿ ಕಡೆ ಪ್ರತಿ ವರ್ಷ ಬಸ್ ಹೊರಡುತ್ತೆ, ಆಮೇಲೆ ಬೀಚು ಇದ್ದೇ ಇರುತ್ತೆ. ಒಪ್ಪಿಗೆ ಪತ್ರಕ್ಕೆ ಅಪ್ಪ ಅಮ್ಮನ ಸಹಿ ತಗೊಳ್ಳೋದು ಎಷ್ಟು ಕಡ್ಡಾಯವೋ, ಹೊರಡೋ ಹಿಂದಿನ ದಿನ ಸೆಮಿನಾರ್ ಹಾಲ್‌ನಲ್ಲಿ ಅರ್ಧ ಗಂಟೆ ಕಡಲಿನ ಪಾಠವೂ ಅಷ್ಟೇ ಕಡ್ಡಾಯ ಆಗಲಿ. ಪ್ರೊಜೆಕ್ಟರಲ್ಲಿ ರಿಪ್ ಕರೆಂಟಿನ ನಾಲ್ಕು ಫೋಟೋ ತೋರಿಸಿ "ಇದರಲ್ಲಿ ಎಲ್ಲಿ ಇಳೀತೀರಿ?" ಅಂತ ಕೇಳಿ. ಉತ್ತರ ಎಷ್ಟು ಜನ ತಪ್ಪು ಹೇಳ್ತಾರೆ ಅನ್ನೋದು ಬಸ್ ಹತ್ತೋ ಮೊದಲೇ ಗೊತ್ತಾಗಲಿ.