ಶಾಲೆಯ ವೆಬ್‌ಸೈಟ್ ಜಾಹೀರಾತಲ್ಲ, ನೋಟಿಸ್ ಬೋರ್ಡ್

ಮಳೆಗಾಲ ಶುರುವಾಯಿತೆಂದರೆ ಕರಾವಳಿಯ ಮನೆಗಳಲ್ಲಿ ಬೆಳಗ್ಗೆ ಕೇಳುವ ಮೊದಲ ಪ್ರಶ್ನೆ, "ಇವತ್ತು ಶಾಲೆ ಉಂಟಾ, ಇಲ್ವಾ?" ಜಿಲ್ಲಾಧಿಕಾರಿ ರಜೆ ಕೊಟ್ಟಿದ್ದಾರೆಂದು ವಾಟ್ಸ್‌ಆ್ಯಪ್‌ನಲ್ಲಿ ಸಂದೇಶ ಬರುತ್ತದೆ. ಅದು ಇವತ್ತಿನದೋ, ಹೋದ ವರ್ಷದ್ದೋ, ಯಾರೋ ದಿನಾಂಕ ತಿದ್ದಿದ್ದೋ ಗೊತ್ತಾಗುವುದಿಲ್ಲ. ಶಾಲೆಯ ವೆಬ್‌ಸೈಟ್ ತೆರೆದರೆ ಅಲ್ಲಿ ಹಳೆಯ ವಾರ್ಷಿಕೋತ್ಸವದ ಫೋಟೋ, ಸಂಚಾಲಕರ ಸಂದೇಶ ಮತ್ತು 'ಪ್ರವೇಶಾತಿ ಆರಂಭವಾಗಿದೆ' ಎಂದು ಓಡುವ ಕೆಂಪು ಅಕ್ಷರ.

ನಮ್ಮ ಹೆಚ್ಚಿನ ಖಾಸಗಿ ಪ್ರಾಥಮಿಕ ಶಾಲೆಗಳಿಗೆ ವೆಬ್‌ಸೈಟ್ ಎಂದರೆ ಹೊಸ ಮಕ್ಕಳನ್ನು ಸೆಳೆಯುವ ಬ್ಯಾನರ್. ಈಗಾಗಲೇ ಸೇರಿರುವ ಮಕ್ಕಳ ಪೋಷಕರಿಗೆ ಅದರಲ್ಲಿ ಏನೂ ಇಲ್ಲ. ಆಕ್ಷೇಪ ಇರುವುದು ಇಲ್ಲಿಯೇ.

"ವಾಟ್ಸ್‌ಆ್ಯಪ್ ಗ್ರೂಪ್ ಇದೆಯಲ್ಲಾ, ವೆಬ್‌ಸೈಟ್ ಯಾರು ನೋಡ್ತಾರೆ?" ಎಂದು ಆಡಳಿತ ಮಂಡಳಿಯವರು ಕೇಳಬಹುದು. ಗ್ರೂಪ್‌ನಲ್ಲಿ ಬಂದ ಸೂಚನೆ ಸಂಜೆಯೊಳಗೆ ನೂರು 'ಓಕೆ ಟೀಚರ್'ಗಳ ಅಡಿಗೆ ಬೀಳುತ್ತದೆ. ಅನೇಕ ಮನೆಗಳಲ್ಲಿ ಗ್ರೂಪ್‌ನಲ್ಲಿರುವುದು ಒಂದೇ ನಂಬರ್. ಅದು ಉಮ್ಮನದ್ದಾದರೆ ಗಲ್ಫ್‌ನಲ್ಲಿರುವ ತಂದೆಗೆ ಏನೂ ತಿಳಿಯದು. ಸೌದಿ ಸಮಯ ನಮಗಿಂತ ಎರಡೂವರೆ ಗಂಟೆ ಹಿಂದೆ. ಅವರು ಕೆಲಸ ಮುಗಿಸಿ ರೂಮ್‌ಗೆ ಬರುವಾಗ ಇಲ್ಲಿ ಶಾಲೆಯ ಕಚೇರಿಗೆ ಬೀಗ ಬಿದ್ದು ಎಷ್ಟೋ ಹೊತ್ತಾಗಿರುತ್ತದೆ. ಫೀಸು ಕಟ್ಟುವವರು ಅವರು, ಆದರೆ ಯಾವ ತಿಂಗಳು ಎಷ್ಟು, ಯಾಕೆ ಎಂಬುದು ಅವರಿಗೆ ಲಿಖಿತವಾಗಿ ಸಿಗುವುದಿಲ್ಲ.

ಹಳೆಯ ಮಾಹಿತಿಯಿಂದ ನಷ್ಟವೂ ಆಗುತ್ತದೆ. ಒಂದನೇ ತರಗತಿಗೆ ಜೂನ್ 1ಕ್ಕೆ 6 ವರ್ಷ ತುಂಬಿರಬೇಕೆಂಬ ನಿಯಮ ರಾಜ್ಯದಲ್ಲಿ ಬಂತು, ಮುಂದಕ್ಕೆ ಹೋಯಿತು, 2025-26ರ ಸಾಲಿಗೆ ಮಾತ್ರ ಸಡಿಲವಾಯಿತು. ಹಳೆಯ ಸೂಚನೆ ಓದಿದ ಮನೆಯವರು ಮಗುವಿನ ಒಂದು ವರ್ಷದ ಬಗ್ಗೆ ತಪ್ಪು ತೀರ್ಮಾನಕ್ಕೆ ಬರಬಹುದು. ಅಲ್ಪಸಂಖ್ಯಾತ ಮಕ್ಕಳಿಗೆ ಕೇಂದ್ರ ಕೊಡುತ್ತಿದ್ದ ಮೆಟ್ರಿಕ್‌ಪೂರ್ವ ವಿದ್ಯಾರ್ಥಿವೇತನ 1ರಿಂದ 8ನೇ ತರಗತಿಯವರಿಗೆ 2022-23ರಿಂದಲೇ ನಿಂತಿದೆ. ಇದು ಗೊತ್ತಿಲ್ಲದೆ ದಾಖಲೆ ಹಿಡಿದು ಸೈಬರ್ ಸೆಂಟರ್‌ಗೆ ಅಲೆದ ತಾಯಂದಿರಿದ್ದಾರೆ. ರಾಜ್ಯದ ಎಸ್‌ಎಸ್‌ಪಿ ಪೋರ್ಟಲ್‌ನಲ್ಲಿ ಅರ್ಜಿ ಹಾಕಲು ಮಗುವಿನ ಸ್ಯಾಟ್ಸ್ ಸಂಖ್ಯೆ ಬೇಕು. ಅದನ್ನು ಶಾಲೆಯಲ್ಲಿ ಯಾರ ಬಳಿ ಕೇಳಬೇಕು, ಕೊನೆಯ ದಿನ ಯಾವುದು ಎಂದು ವೆಬ್‌ಸೈಟ್‌ನಲ್ಲಿ ಎರಡು ಸಾಲು ಬರೆದರೆ ಸಾಕಲ್ಲವೇ?

ಹಾಗಾದರೆ ಪೋಷಕರು ಕೇಳುವುದೇನು? ದೊಡ್ಡದೇನೂ ಅಲ್ಲ. ರಜೆಯ ಸೂಚನೆ ದಿನಾಂಕದ ಸಮೇತ ಮೊದಲ ಪುಟದಲ್ಲಿರಲಿ. ವರ್ಷದ ಕ್ಯಾಲೆಂಡರ್, ಪರೀಕ್ಷೆಯ ದಿನ, ಫೀಸಿನ ವಿವರ, ಶಿಕ್ಷಕರ ಹೆಸರು ಮತ್ತು ವಿದ್ಯಾರ್ಹತೆ, ಎತ್ತಿದರೆ ಮಾತಾಡುವ ಒಂದು ಫೋನ್ ನಂಬರ್ ಇರಲಿ. ಶಾಲೆಯ ಸಮಯ ಬದಲಾದರೆ ಮುಂಚೆಯೇ ತಿಳಿಸಲಿ. ಬೆಳಗ್ಗಿನ ಮದ್ರಸ ಮುಗಿಸಿ ಓಡುವ ಮಕ್ಕಳಿಗೆ ಹತ್ತು ನಿಮಿಷವೂ ದೊಡ್ಡದೇ. ಇದೆಲ್ಲ ಕನ್ನಡದಲ್ಲೂ ಇರಲಿ. ಮನೆಯಲ್ಲಿ ಬ್ಯಾರಿ ಮಾತಾಡಿದರೂ ನಮ್ಮ ತಾಯಂದಿರು ಸಲೀಸಾಗಿ ಓದುವುದು ಕನ್ನಡವನ್ನೇ. ಸಿಬಿಎಸ್‌ಇ ಶಾಲೆಗಳು ಫೀಸು, ಶಿಕ್ಷಕರು, ಫಲಿತಾಂಶದ ವಿವರಗಳನ್ನು ವೆಬ್‌ಸೈಟ್‌ನಲ್ಲಿ ಹಾಕಲೇಬೇಕೆಂಬ ನಿಯಮ ಇದೆ. ಉಳಿದ ಶಾಲೆಗಳು ನಿಯಮಕ್ಕಾಗಿ ಯಾಕೆ ಕಾಯಬೇಕು?

ಒಂದು ಎಚ್ಚರಿಕೆಯೂ ಬೇಕು. ಮಗುವಿನ ಫೋಟೋದ ಕೆಳಗೆ ಹೆಸರು, ತರಗತಿ, ಊರು ಎಲ್ಲ ಹಾಕುವ ಚಾಳಿ ನಿಲ್ಲಲಿ. ಮಕ್ಕಳ ವೈಯಕ್ತಿಕ ಮಾಹಿತಿ ಬಳಸಲು ಪೋಷಕರ ಒಪ್ಪಿಗೆ ಬೇಕೆಂದು 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಹೇಳುತ್ತದೆ.

ಖರ್ಚಿನ ಮಾತು ಬರುತ್ತದೆ. ವೆಬ್‌ಸೈಟ್ ಮಾಡಿಸಿದ ಖರ್ಚು ಆಗಿಹೋಗಿದೆ, ಈಗ ಬೇಕಿರುವುದು ವಾರಕ್ಕೆ ಅರ್ಧ ಗಂಟೆ. ಕಚೇರಿಯ ಒಬ್ಬ ಸಿಬ್ಬಂದಿಗೆ ಆ ಹೊಣೆ ಹೆಸರು ಹಿಡಿದು ಒಪ್ಪಿಸಬೇಕು. ಎಲ್ಲರ ಕೆಲಸ ಎಂದರೆ ಯಾರೂ ಮಾಡುವುದಿಲ್ಲ. ಕಂಪ್ಯೂಟರ್ ಕಲಿತ ಹಳೆ ವಿದ್ಯಾರ್ಥಿಗಳು ನಮ್ಮ ಊರೂರಲ್ಲಿದ್ದಾರೆ, ಕೇಳಿದರೆ ಕಲಿಸಿಕೊಡುತ್ತಾರೆ.

ಜಮಾಅತ್, ಟ್ರಸ್ಟ್‌ಗಳು ನಡೆಸುವ ಶಾಲೆಗಳು ಇದನ್ನು ಮೊದಲು ಮಾಡಲಿ. ಸಮುದಾಯದ ಹಣದಿಂದ ಕಟ್ಟಿದ ಶಾಲೆ ಸಮುದಾಯಕ್ಕೆ ಲೆಕ್ಕ, ಮಾಹಿತಿ ಕೊಡುವುದು ಉಪಕಾರವಲ್ಲ, ಹೊಣೆ. ಮುಂದಿನ ಪೋಷಕರ ಸಭೆಯಲ್ಲಿ ಯೂನಿಫಾರ್ಮ್, ವ್ಯಾನ್ ವಿಚಾರದ ಜೊತೆಗೆ ಇದನ್ನೂ ಎತ್ತಿ. ತಾಯಂದಿರೇ, ನೀವೇ ಎದ್ದು ಕೇಳಿ. ಬೆಳಗ್ಗೆ ಮಗುವಿನ ಕೈಗೆ ಕೊಡೆ ಕೊಡುವವರು ನೀವು.