ಗೃಹಾರೋಗ್ಯ: ಅಂಗಾಲಿನ ಉರಿಯೂ ಎಲ್ಲೆಯ ಮೇಲಿನ ಸಕ್ಕರೆಯೂ

ರಾತ್ರಿ ಹಾಸಿಗೆ ಸೇರಿದೊಡನೆ ಅಂಗಾಲು ಉರಿಯುವುದು, ಬೆರಳುಗಳಲ್ಲಿ ಇರುವೆ ಹರಿದಂತಾಗುವುದು, ಹೊದಿಕೆಯ ಸೋಂಕು ಸಹ ಸಹಿಸದಾಗುವುದು, ಇವು ನಮ್ಮ ಮನೆಗಳಲ್ಲಿ ಅಪರೂಪದ ದೂರುಗಳಲ್ಲ. ಹುಕ್ಕೇರಿ ಸೀಮೆಯ ದಡ್ಡಿಯಲ್ಲಾಗಲಿ, ಗೋಕಾಕ ಮೂಡಲಗಿಗಳ ಕಡೆಯಲ್ಲಾಗಲಿ, ಇಂತಹ ದೂರಿಗೆ ಹಿರಿಯರು ಕೊಡುವ ಉತ್ತರ ಸಾಮಾನ್ಯವಾಗಿ ಒಂದೇ: ಮೈಯಲ್ಲಿ ಉಷ್ಣ ಏರಿದೆ, ಔಡಲೆಣ್ಣೆ ಹಚ್ಚಿಕೊ. ಎಣ್ಣೆ ಹಚ್ಚಿದರೆ ಹಾನಿಯಿಲ್ಲ. ಕ್ಷಣಕಾಲ ಹಿತವೂ ಆದೀತು. ಆದರೆ ಅಷ್ಟರಿಂದಲೇ ತೃಪ್ತರಾಗಿ ಸುಮ್ಮನಿರುವುದರಲ್ಲಿ ಹಾನಿಯುಂಟು. ಈ ಉರಿಯು ಕೆಲವು ವೇಳೆ ರಕ್ತದಲ್ಲಿ ಸಕ್ಕರೆ ಏರುತ್ತಿರುವುದರ ಮೊದಲ ಸೂಚನೆಯಾಗಿರುತ್ತದೆ.

ಇದು ಹೊಸ ಮಾತಲ್ಲ. ಚರಕಸಂಹಿತೆಯು ಪ್ರಮೇಹದ ಪೂರ್ವರೂಪಗಳನ್ನು ಎಣಿಸುವಾಗ ಕೈಕಾಲುಗಳ ಉರಿಯನ್ನೂ ಜೋಮನ್ನೂ ಹೇಳಿದೆ. ಪೂರ್ವರೂಪವೆಂದರೆ ರೋಗವು ಪೂರ್ಣವಾಗಿ ನೆಲೆಗೊಳ್ಳುವ ಮೊದಲು ತೋರುವ ಲಕ್ಷಣ. ಇಂದಿನ ವೈದ್ಯರೂ, ಮಧುಮೇಹದ ಎಲ್ಲೆಯನ್ನು ಇನ್ನೂ ದಾಟದಿರುವ ಕೆಲವರಲ್ಲಿ ಈ ನರನೋವನ್ನು ಕಂಡಿದ್ದಾರೆ. ದೇಹದ ಜ್ಞಾನತಂತುಗಳಲ್ಲಿ ಅತಿ ಉದ್ದವಾದವು ಪಾದವನ್ನು ಮುಟ್ಟುವಂತಹವು. ಆದುದರಿಂದ ಅವುಗಳ ಪೋಷಣೆಗೆ ಕುಂದು ಬಂದಾಗ ತೊಂದರೆಯು ಕಾಲ್ಬೆರಳುಗಳಲ್ಲಿ ಮೊದಲು ತೋರಿ, ಎರಡೂ ಪಾದಗಳಲ್ಲಿ ಸಮನಾಗಿ ಮೇಲಕ್ಕೇರುತ್ತದೆ. ಒಂದೇ ಕಾಲಿನಲ್ಲಿ ಸೊಂಟದಿಂದ ಇಳಿಯುವ ನೋವು ಬಹುಶಃ ಬೇರೆ ಕಾರಣದ್ದು.

ಎಲ್ಲೆಯೆಂದರೆ ಯಾವುದು? ರಾತ್ರಿಯಿಡೀ ಉಪವಾಸವಿದ್ದು ಬೆಳಿಗ್ಗೆ ಪರೀಕ್ಷಿಸಿದಾಗ 100 ಮಿಲಿಲೀಟರು ರಕ್ತದಲ್ಲಿ 100ರಿಂದ 125 ಮಿಲಿಗ್ರಾಂ ಸಕ್ಕರೆಯಿದ್ದರೆ ಅದು ಎಲ್ಲೆಯ ಮೇಲಿನ ಸ್ಥಿತಿ. ವಿಶ್ವ ಆರೋಗ್ಯ ಸಂಸ್ಥೆಯು ಇದನ್ನು 110ರಿಂದ ಎಣಿಸುತ್ತದೆ. 75 ಗ್ರಾಂ ಗ್ಲೂಕೋಸ್ ಕುಡಿದು ಎರಡು ಗಂಟೆಗಳಾದ ಮೇಲೆ 140ರಿಂದ 199 ಇದ್ದರೂ ಅದೇ ಸ್ಥಿತಿ. ಹಿಂದಿನ ಎರಡು ಮೂರು ತಿಂಗಳ ಸರಾಸರಿಯನ್ನು ತಿಳಿಸುವ ಎಚ್‌ಬಿಎ1ಸಿ ಪರೀಕ್ಷೆಯಲ್ಲಿ ಈ ಅಂಕಿ ಶೇಕಡಾ 5.7ರಿಂದ 6.4.

ಆದರೆ ಉರಿಯೆಲ್ಲವೂ ಸಕ್ಕರೆಯದೆಂದು ತಿಳಿಯಲಾಗದು. ಬಿ12 ಜೀವಸತ್ವದ ಕೊರತೆಯಿಂದಲೂ ಇದೇ ಉರಿ, ಇದೇ ಜೋಮು ಉಂಟಾಗುತ್ತವೆ. ಶಾಕಾಹಾರಿಗಳಲ್ಲಿ ಈ ಕೊರತೆ ವಿಶೇಷ. ಸಕ್ಕರೆಗಾಗಿ ಮೆಟ್‌ಫಾರ್ಮಿನ್ ಗುಳಿಗೆಯನ್ನು ವರ್ಷಗಟ್ಟಲೆ ಸೇವಿಸುವವರಲ್ಲಿಯೂ ಸಂಭವಿಸುತ್ತದೆ. ಮದ್ಯಪಾನ, ಥೈರಾಯ್ಡ್ ಗ್ರಂಥಿಯ ದೋಷ, ಮೈಮೇಲಿನ ಸ್ಪರ್ಶವಿಲ್ಲದ ಮಚ್ಚೆಗಳಿಂದ ತಿಳಿದುಬರುವ ಕುಷ್ಠ, ಇವೂ ಕಾರಣಗಳೇ. ಆದುದರಿಂದ ಪರೀಕ್ಷೆಯಿಲ್ಲದೆ ಶಕ್ತಿಯ ಸೂಜಿ ಚುಚ್ಚಿಸಿಕೊಳ್ಳುವುದು ತರವಲ್ಲ. ನೋವನ್ನು ತಗ್ಗಿಸುವ ಔಷಧಗಳುಂಟು. ವೈದ್ಯರ ಅಪ್ಪಣೆಯಿಂದ ಅವುಗಳನ್ನು ತೆಗೆದುಕೊಳ್ಳಬಹುದು. ಅವು ನಿದ್ರೆಯನ್ನು ಕೊಟ್ಟಾವು, ಕೆಟ್ಟ ನರವನ್ನು ಸರಿಪಡಿಸಲಾರವು.

ಇನ್ನು ಊಟದ ವಿಚಾರ. ಘಟಪ್ರಭೆಯ ಈ ನಾಡು ಕಬ್ಬಿನ ನಾಡು. ಗೋಕಾಕದ ಕರದಂಟು ಎಲ್ಲೆಡೆಯೂ ಹೆಸರಾದುದು. ಸಕ್ಕರೆಯನ್ನು ಬಿಟ್ಟು ಬೆಲ್ಲವನ್ನು ಹಿಡಿದರೆ ದೋಷವಿಲ್ಲವೆಂಬ ನಂಬಿಕೆಯೂ ಇಲ್ಲಿ ಬಲವಾಗಿದೆ. ಅದು ಸರಿಯಲ್ಲ. ಬೆಲ್ಲವೂ ಬಹುಪಾಲು ಸಕ್ಕರೆಯೇ. ರಕ್ತಕ್ಕೆ ಸೇರಿದ ಮೇಲೆ ಎರಡಕ್ಕೂ ಭೇದವಿಲ್ಲ. ದಿನಕ್ಕೆ ನಾಲ್ಕೈದು ಬಾರಿ ಕುಡಿಯುವ ಸಿಹಿ ಚಹವನ್ನು ಮೊದಲು ನಿಲ್ಲಿಸುವುದು ಲೇಸು. ಜೋಳದ ರೊಟ್ಟಿ ಒಳ್ಳೆಯ ಆಹಾರವೇ ಸರಿ, ಆದರೆ ಅದಕ್ಕೂ ಮಿತಿ ಬೇಕು. ನಾಲ್ಕು ರೊಟ್ಟಿ ಉಣ್ಣುವವರು ಎರಡಕ್ಕೆ ಇಳಿದು, ಆ ಸ್ಥಳವನ್ನು ಮೆಂತ್ಯೆಯ ಪಲ್ಯ, ಪುಂಡಿಪಲ್ಯ, ಹೆಸರು ಮಡಿಕೆಕಾಳುಗಳ ಉಸಳಿ, ಅಗಸಿಯ ಹಿಂಡಿ, ಮಜ್ಜಿಗೆಗಳಿಂದ ತುಂಬಿಕೊಳ್ಳಬಹುದು. ಹಬ್ಬದ ಹೋಳಿಗೆ ಹಬ್ಬಕ್ಕೇ ಇರಲಿ.

ಇಷ್ಟರಿಂದ ಫಲವುಂಟೆ? ಉಂಟು. ಎಲ್ಲೆಯ ಮೇಲಿದ್ದ ಭಾರತೀಯರ ಮೇಲೆ ಚೆನ್ನೈಯ ವೈದ್ಯರು ನಡೆಸಿದ ಪರಿಶೀಲನೆಯೊಂದು 2006ರಲ್ಲಿ ಪ್ರಕಟವಾಯಿತು. ಸುಮಾರು ಮೂರು ವರ್ಷಗಳಲ್ಲಿ, ವಿಶೇಷ ಸಲಹೆ ಪಡೆಯದವರಲ್ಲಿ ನೂರಕ್ಕೆ 55 ಮಂದಿ ಮಧುಮೇಹಿಗಳಾದರು. ಊಟ ನಡಿಗೆಗಳನ್ನು ತಿದ್ದಿಕೊಂಡವರಲ್ಲಿ 39 ಮಂದಿ. ಪ್ರತಿದಿನವೂ ಅರ್ಧ ಗಂಟೆಯ ಚುರುಕಾದ ನಡಿಗೆ ಎಲ್ಲರಿಗೂ ಸಾಧ್ಯವಾದುದು. ಮನೆಗೆಲಸದ ಓಡಾಟವೇ ಸಾಕೆಂದು ಎಣಿಸದಿರುವುದು ಒಳ್ಳೆಯದು.

ಪಾದಗಳ ರಕ್ಷಣೆಯಲ್ಲಿ ಅಲಕ್ಷ್ಯ ಸಲ್ಲದು. ಉರಿಯುವ ಕಾಲು ಕ್ರಮೇಣ ಜಡವಾದರೆ ನೋವು ಹೋಯಿತೆಂದು ಸಂತೋಷಪಡಬಾರದು. ಅದು ಹೆಚ್ಚಿನ ಅಪಾಯ. ಅಂತಹ ಕಾಲಿಗೆ ಕಬ್ಬಿನ ಕೂಳೆ ಚುಚ್ಚಿದರೂ ತಿಳಿಯದು. ತಿಳಿಯದ ಗಾಯ ಕೀವುಗಟ್ಟಿ, ಕೊನೆಗೆ ಕಾಲನ್ನೇ ಕಳೆದುಕೊಳ್ಳುವ ಪ್ರಸಂಗ ಬರಬಹುದು. ಹೊಲಕ್ಕಾಗಲಿ ಜಾತ್ರೆಗಾಗಲಿ ಬರಿಗಾಲಿನಲ್ಲಿ ಹೋಗಕೂಡದು. ಬಚ್ಚಲ ಬಿಸಿನೀರನ್ನು ಮೊದಲು ಮೊಣಕೈಯಿಂದ ಪರೀಕ್ಷಿಸಬೇಕು. ಒಲೆಯ ಮುಂದೆ ಪಾದ ಕಾಯಿಸಬಾರದು. ಪ್ರತಿರಾತ್ರಿಯೂ ಬೆರಳ ಸಂದುಗಳನ್ನು ದೀಪದ ಬೆಳಕಿನಲ್ಲಿ ನೋಡಿಕೊಳ್ಳಬೇಕು. ಕಣ್ಣು ಮಂದವಾದವರಿಗೆ ಮಕ್ಕಳು ನೋಡಿಕೊಡಲಿ. ಹುಣ್ಣು ಕಂಡರೆ ಅಂದೇ ವೈದ್ಯರಲ್ಲಿಗೆ ಹೋಗತಕ್ಕದ್ದು.

ಕಡೆಯದಾಗಿ ಗೃಹಸ್ಥರಲ್ಲಿ ಒಂದು ಮಾತು. ಯಜಮಾನನ ಕಾಲು ಉರಿದರೆ ವೈದ್ಯರಲ್ಲಿಗೆ ಬಂಡಿ ಹೊರಡುತ್ತದೆ. ಗೃಹಿಣಿಯ ಕಾಲು ಉರಿದರೆ ದಣಿವೆಂದು ಹೇಳಿ ಮುಗಿಸುವ ಮನೆಗಳು ಇಂದಿಗೂ ಇವೆ. ಎಲ್ಲರಿಗೂ ಬಡಿಸಿ, ಪಲ್ಯ ತೀರಿದ ಮೇಲೆ ಉಳಿದ ಅನ್ನವನ್ನು ಉಣ್ಣುವವಳು ಅವಳೇ. ಬಸುರಿನಲ್ಲಿ ಸಕ್ಕರೆ ಏರಿದ್ದವಳಿಗೆ ಮುಂದೆ ಮಧುಮೇಹದ ಭಯ ಹೆಚ್ಚು. ಅವಳಿಗೂ ಪಲ್ಯದ ಪಾಲನ್ನು ಮೊದಲೇ ತೆಗೆದಿಡಿರಿ. ವರ್ಷಕ್ಕೊಮ್ಮೆ ಅವಳ ರಕ್ತವನ್ನೂ ಪರೀಕ್ಷೆ ಮಾಡಿಸಿರಿ.