ಆಟವೋ, ಪಂದ್ಯವೋ?

ಕನ್ನಡದಲ್ಲಿ ‘ಆಟ’ ಎಂಬ ಮಾತು ಬಹಳ ಉದಾರವಾದುದು. ಮಗು ಮಣ್ಣಿನಲ್ಲಿ ಆಡಿದರೂ ಆಟ, ಇರುಳೆಲ್ಲ ಚೆಂಡೆಯ ಸದ್ದಿನೊಡನೆ ಯಕ್ಷಗಾನ ನಡೆದರೂ ಆಟವೇ. ‘ಪಂದ್ಯ’ ಅಷ್ಟು ಉದಾರಿಯಲ್ಲ. ಹಳ್ಳಿಯವರು ಪಂದ್ಯ ಕಟ್ಟಿದರೆ ಪಣ ಒಡ್ಡಿದರೆಂದು ಅರ್ಥ. ಅಲ್ಲಿ ಒಬ್ಬನು ಗಳಿಸಬೇಕಾದರೆ ಇನ್ನೊಬ್ಬನು ಕಳೆದುಕೊಳ್ಳಲೇಬೇಕು. ನಮ್ಮ ಶಾಲೆ ಕಾಲೇಜುಗಳಲ್ಲಿ ಪಂದ್ಯವು ಬೆಳೆದು ಆಟವು ಸೊರಗುತ್ತಿದೆ ಎಂಬುದು ನನ್ನ ಅಭಿಪ್ರಾಯ. ಕ್ರೀಡಾಪಟುಗಳಾದ ಮಿತ್ರರು ಇದಕ್ಕೆ ಮುನಿಯಬಾರದು. ಈ ವಾದ ಅವರ ಪರವಾಗಿಯೂ ಇದೆ.

ಪ್ರವೇಶದ ಕಾಲದಲ್ಲಿ ನಾವೆಲ್ಲರೂ ಕ್ರೀಡಾ ಶುಲ್ಕ ಕಟ್ಟುತ್ತೇವೆ. ರಸೀದಿ ಎಲ್ಲರಿಗೂ ದೊರೆಯುತ್ತದೆ. ಚೆಂಡು ಮಾತ್ರ ಕೆಲವರಿಗೇ. ಮೊದಲ ಕೆಲವು ವಾರಗಳಲ್ಲಿ ತಂಡಗಳ ಆಯ್ಕೆ ಮುಗಿಯುತ್ತದೆ. ಆಯ್ಕೆಯಾಗದವರ ಪಾಲಿಗೆ ಮೈದಾನವೆಂಬುದು ಬಸ್ ನಿಲ್ದಾಣಕ್ಕೆ ಹೋಗುವ ಅಡ್ಡದಾರಿ. ವಾರ್ಷಿಕ ಕ್ರೀಡಾಕೂಟದ ದಿನ ಅವರನ್ನು ನೆನೆದು ಕರೆಯುತ್ತಾರೆ, ಚಪ್ಪಾಳೆ ತಟ್ಟಲು. ವಿಶ್ವ ಆರೋಗ್ಯ ಸಂಸ್ಥೆಯ ತಜ್ಞರು ೧೧ರಿಂದ ೧೭ ವಯಸ್ಸಿನ ವಿದ್ಯಾರ್ಥಿಗಳ ವಿಷಯವಾಗಿ ೨೦೧೯ರಲ್ಲಿ ಪ್ರಕಟಿಸಿದ ಲೆಕ್ಕವೊಂದಿದೆ. ದಿನಕ್ಕೆ ಒಂದು ಗಂಟೆಯಾದರೂ ಮೈ ದಣಿಯಬೇಕೆಂಬ ಅಳತೆಯನ್ನು ಪ್ರಪಂಚದಲ್ಲಿ ನೂರಕ್ಕೆ ೮೧ ಮಂದಿ ಮುಟ್ಟುತ್ತಿಲ್ಲ. ಹುಡುಗಿಯರಲ್ಲಿ ಈ ಪ್ರಮಾಣ ೮೫. ಚಪ್ಪಾಳೆಯ ವ್ಯಾಯಾಮವನ್ನು ಅವರು ಲೆಕ್ಕಕ್ಕೆ ಹಿಡಿದಂತೆ ತೋರುವುದಿಲ್ಲ!

ಇನ್ನು ಆಯ್ಕೆಯಾದವರ ಸುಖವನ್ನಾದರೂ ನೋಡೋಣ. ಹತ್ತು ವರ್ಷದ ಹುಡುಗನು ಚೆನ್ನಾಗಿ ಓಡಿದನೆಂದರೆ ಅವನು ಆ ದಿನದಿಂದ ‘ಕಪ್ ತರುವ ಹುಡುಗ’. ಲಗೋರಿ, ಚಿನ್ನಿದಾಂಡು, ಕೆರೆಯ ಈಜು ಎಲ್ಲವೂ ಬಿಟ್ಟುಹೋಗಿ ವರ್ಷವಿಡೀ ಒಂದೇ ಆಟ, ಒಂದೇ ಭುಜ, ಒಂದೇ ಮೊಣಕಾಲು. ಸೋತ ಸಂಜೆ ಮನೆಯಲ್ಲಿ ಮೌನ. ಗೆದ್ದರೆ ಮುಂದಿನ ಸುತ್ತಿನ ಚಿಂತೆ. ಬೆಳೆಯುವ ಮೂಳೆಗೆ ಇದು ಒಗ್ಗುವುದಿಲ್ಲವೆಂದು ವೈದ್ಯರೇ ಹೇಳುತ್ತಾರೆ. ೧೫–೧೬ ವಯಸ್ಸಿನ ತನಕ ಒಂದೇ ಆಟಕ್ಕೆ ಕಟ್ಟುಬೀಳದಿರುವುದು ಮೇಲು, ವಾರಕ್ಕೆ ಒಂದೆರಡು ದಿನ ಬಿಡುವಿರಲಿ, ವರ್ಷದಲ್ಲಿ ಒಟ್ಟು ಮೂರು ತಿಂಗಳು ಆ ಆಟದಿಂದ ದೂರವಿರಲಿ ಎಂದು ಅಮೆರಿಕದ ಮಕ್ಕಳ ವೈದ್ಯರ ಸಂಘವು ೨೦೧೬ರಲ್ಲಿ ಸಲಹೆ ನೀಡಿತು. ನಮ್ಮಲ್ಲಿ ಬಿಡುವು ಸಿಕ್ಕುವುದು ಕಾಲು ಉಳುಕಿದಾಗ ಮಾತ್ರ.

ಇಷ್ಟು ಕಷ್ಟಪಟ್ಟವನು ಕೊನೆಗೆ ಆಟವನ್ನು ಪ್ರೀತಿಸುತ್ತಾನೆಯೆ? ಕಾಲೇಜುಗಳ ಗೋಡೆಗಳ ಮೇಲೆ ಹಳೆಯ ತಂಡಗಳ ಭಾವಚಿತ್ರಗಳು ತೂಗುತ್ತವಷ್ಟೆ. ಕೈಕಟ್ಟಿ ಎದೆಯೆತ್ತಿ ನಿಂತ ಆ ಮಹನೀಯರಲ್ಲಿ ಎಷ್ಟು ಮಂದಿ ಇಂದು ವಾರಕ್ಕೊಮ್ಮೆಯಾದರೂ ಆಡುತ್ತಿರಬಹುದು? ಪ್ರಮಾಣಪತ್ರಕ್ಕಾಗಿ, ಕ್ರೀಡಾ ಕೋಟಾದ ಸೀಟಿಗಾಗಿ ಆಡಿದವನಿಗೆ ಸೀಟು ದೊರೆತ ಮೇಲೆ ಆಡಲು ಕಾರಣವೇ ಉಳಿಯುವುದಿಲ್ಲ. ಬೂಟುಗಳು ಅಟ್ಟ ಸೇರುತ್ತವೆ. ವಿದ್ಯಾರ್ಥಿನಿಯರ ಕಥೆಯಂತೂ ಇನ್ನೂ ಚಿಕ್ಕದು. ಎಷ್ಟೋ ಮಂದಿಗೆ ಥ್ರೋಬಾಲು ಮುಗಿಯುವುದಕ್ಕೆ ಮದುವೆಯೇ ಆಗಬೇಕಿಲ್ಲ, ಊರಿನ ಕೊನೆಯ ಬಸ್ಸು ಐದೂವರೆಗೆ ಹೊರಟರೆ ಸಾಕು.

ಪಂದ್ಯದ ಕಾವಿಲ್ಲದೆ ಪ್ರತಿಭೆ ಬೆಳೆಯದು ಎಂಬ ಆಕ್ಷೇಪಣೆ ಬರುವುದು ಸಹಜ. ನಾರ್ವೆ ದೇಶದ ಉದಾಹರಣೆ ಇಲ್ಲಿ ವಿಚಾರಾರ್ಹ. ಅಲ್ಲಿನ ಕ್ರೀಡಾ ಮಹಾಮಂಡಲವು ೨೦೦೭ರಲ್ಲಿ ಅಂಗೀಕರಿಸಿದ ಮಕ್ಕಳ ಕ್ರೀಡಾಹಕ್ಕುಗಳ ನಿಯಮಗಳ ಪ್ರಕಾರ, ೧೧ ವರ್ಷಕ್ಕೆ ಮೊದಲು ಮಕ್ಕಳ ಆಟದಲ್ಲಿ ಫಲಿತಾಂಶದ ಪಟ್ಟಿಯಿಲ್ಲ, ೧೩ಕ್ಕೆ ಮೊದಲು ರಾಷ್ಟ್ರೀಯ ಚಾಂಪಿಯನ್ ಪಟ್ಟವಿಲ್ಲ. ಹೀಗೆ ಬೆಳೆದ ಸುಮಾರು ೫೫ ಲಕ್ಷ ಜನರ ಆ ನಾಡು ೨೦೧೮ರ ಚಳಿಗಾಲದ ಒಲಿಂಪಿಕ್ಸಿನಲ್ಲಿ ೩೯ ಪದಕಗಳನ್ನು ಗೆದ್ದು ಎಲ್ಲರಿಗಿಂತ ಮುಂದೆ ನಿಂತಿತು. ಅವರಿಗೆ ಹಣವೂ ಹಿಮವೂ ಧಾರಾಳವಾಗಿದೆ, ಒಪ್ಪೋಣ. ಆದರೆ ಪಟ್ಟಿಯನ್ನು ತಡವಾಗಿ ಬರೆದುದರಿಂದ ಅವರು ಕಳೆದುಕೊಂಡುದೇನೂ ಕಾಣುವುದಿಲ್ಲ.

ಸೌಕರ್ಯವಿಲ್ಲ ಎಂಬುದು ಎರಡನೆಯ ಆಕ್ಷೇಪಣೆ. ೧೯೮೦ರಲ್ಲಿ ಆಲ್ ಇಂಗ್ಲೆಂಡ್ ಬ್ಯಾಡ್ಮಿಂಟನ್ ಪ್ರಶಸ್ತಿ ಗೆದ್ದ ಪ್ರಕಾಶ್ ಪಡುಕೋಣೆಯವರು ಬಾಲ್ಯದಲ್ಲಿ ಆಡಿದ್ದು ಬೆಂಗಳೂರು ಮಲ್ಲೇಶ್ವರದ ಕೆನರಾ ಯೂನಿಯನ್ನಿನ ಮದುವೆಯ ಸಭಾಂಗಣದಲ್ಲಿ. ಮದುವೆಯಿದ್ದ ದಿನ ಆಟವಿಲ್ಲ. ವಾದಕ್ಕೆ ಇಷ್ಟು ಸಾಕು.

ದೂರದ ನಾರ್ವೆಗಿಂತ ನನ್ನ ಮನಸ್ಸನ್ನು ಹೆಚ್ಚು ಸೆಳೆಯುವುದು ನಮ್ಮ ಕೊಡಗು. ಪಾಂಡಂಡ ಕುಟ್ಟಪ್ಪನವರು ೧೯೯೭ರಲ್ಲಿ ಕರಡ ಗ್ರಾಮದಲ್ಲಿ ಕೊಡವ ಕುಟುಂಬಗಳ ಹಾಕಿ ಉತ್ಸವವನ್ನು ಆರಂಭಿಸಿದಾಗ ೬೦ ಕುಟುಂಬಗಳು ಸೇರಿದ್ದವು. ೨೦೨೪ರಲ್ಲಿ ನಾಪೋಕ್ಲಿನಲ್ಲಿ ನಡೆದಾಗ ಸಂಖ್ಯೆ ೩೬೦ಕ್ಕೆ ಏರಿತ್ತು. ಅಲ್ಲಿ ತಂಡವೆಂದರೆ ಒಂದು ಮನೆತನ. ದೇಶಕ್ಕಾಗಿ ಆಡಿದವನ ಪಕ್ಕದಲ್ಲಿಯೇ ಅವನ ಅತ್ತಿಗೆ, ಹೈಸ್ಕೂಲಿನ ಹುಡುಗ, ತಲೆ ನರೆತ ದೊಡ್ಡಪ್ಪ ಕೋಲು ಹಿಡಿದು ನಿಲ್ಲಬಹುದು. ಪೈಪೋಟಿಗೆ ಅಲ್ಲಿ ಕೊರತೆಯಿಲ್ಲ, ಸೋತವರಿಗೆ ದುಃಖವೂ ಆಗುತ್ತದೆ. ಆದರೆ ದೊಡ್ಡಪ್ಪನನ್ನು ‘ನಿಮ್ಮ ವಯಸ್ಸು ಮೀರಿತು’ ಎಂದು ಯಾರೂ ಹೊರಗೆ ಕಳುಹಿಸುವುದಿಲ್ಲ. ಹುಡುಗನು ತನ್ನ ಅರವತ್ತನೆಯ ವಯಸ್ಸು ಹೇಗಿರಬಹುದೆಂಬುದನ್ನು ಅಂಗಳದಲ್ಲಿಯೇ ಕಣ್ಣಾರೆ ನೋಡುತ್ತಾನೆ. ಯಾವ ವ್ಯಾಯಾಮ ಪುಸ್ತಕ ಈ ಪಾಠವನ್ನು ಕಲಿಸೀತು?

ನಮ್ಮ ಕಾಲೇಜಿನಲ್ಲಿ ಇದರ ಒಂದಂಶವನ್ನಾದರೂ ಮಾಡಬಹುದು. ಕಾಲೇಜು ತಂಡಗಳು ಇರಲಿ. ವಿಶ್ವವಿದ್ಯಾನಿಲಯದ ಪಂದ್ಯಗಳಿಗೆ ಅವು ಹೋಗಿ ಬರಲಿ, ಗೆದ್ದು ಬಂದರೆ ನಾವೂ ಕೂಗಾಡೋಣ. ಜೊತೆಗೆ ವಾರದಲ್ಲಿ ಒಂದು ಮಧ್ಯಾಹ್ನ, ಕೊನೆಯ ಬಸ್ಸಿಗೆ ತಪ್ಪದಂತೆ, ತರಗತಿ ತರಗತಿಗಳ ನಡುವೆ ಆಟವಿರಲಿ. ಬಂದವರೆಲ್ಲರೂ ಅರ್ಧ ಹೊತ್ತಾದರೂ ಆಡಲೇಬೇಕೆಂಬುದು ಅದರ ಏಕೈಕ ನಿಯಮವಾಗಲಿ. ಈ ತಿಂಗಳು ವಾಲಿಬಾಲ್ ಆದರೆ ಮುಂದಿನ ತಿಂಗಳು ಖೊಖೊ, ಆಮೇಲೆ ಬಾಲ್ ಬ್ಯಾಡ್ಮಿಂಟನ್. ಕಾಲೇಜು ತಂಡದ ಆಟಗಾರರೂ ತಮ್ಮದಲ್ಲದ ಆಟಕ್ಕೆ ಬಂದು ನಮ್ಮಂತೆ ಎಡವಲಿ. ಅಧ್ಯಾಪಕರು ಒಂದು ತಂಡ ಕಟ್ಟಲಿ. ಇತಿಹಾಸದ ಮೇಷ್ಟರ ಸರ್ವಿಸನ್ನು ಎದುರಿಸುವ ಭಾಗ್ಯಕ್ಕಾಗಿ ಹಾಜರಾತಿ ತಾನಾಗಿ ಹೆಚ್ಚೀತು.

ಇದಕ್ಕೆ ಹೊಸ ಹಣ ಬೇಕಿಲ್ಲ. ಎರಡು ಬಲೆ, ನಾಲ್ಕು ಚೆಂಡು, ಒಂದು ಸೀಟಿ ಸಾಕು. ಅವು ಕ್ರೀಡಾ ಕೊಠಡಿಯಲ್ಲಿ ಈಗಾಗಲೇ ಇವೆ, ಬೀಗದೊಳಗೆ. ಆ ಬೀಗದ ಕೈ ಸಂಜೆ ಮೂರೂವರೆಯಿಂದ ಐದರ ತನಕ ಯಾರ ಬಳಿ ಇರಬೇಕೆಂಬುದನ್ನು ವಿದ್ಯಾರ್ಥಿ ಸಂಘವು ತನ್ನ ಮುಂದಿನ ಸಭೆಯಲ್ಲಿಯೇ ಗೊತ್ತುಮಾಡಬಹುದು.